ಯುಗಾದಿಯ ಹೊತ್ತಿಗೆ ಮೆದೆ ಎಷ್ಟಿದೆ: ಬಯಲುಸೀಮೆಯ ದನಕರುಗಳ ಮನೆಯಲ್ಲಿ ವಸಂತಕಾಲ

ಮಾನ್ಯ ಸಭಿಕರೇ, ಪಶುಸಂಗೋಪನೆ ಓದುತ್ತಿರುವ ವಿದ್ಯಾರ್ಥಿ ಮಿತ್ರರೇ, ಎಲ್ಲರಿಗೂ ನಮಸ್ಕಾರ.

ತುರುವೇಕೆರೆ, ನಾಗಮಂಗಲ, ಚನ್ನರಾಯಪಟ್ಟಣದ ಸುತ್ತಿನ ಬಯಲು ಊರುಗಳಲ್ಲಿ ಎರಡು ಮೂರು ಎಕರೆ ರಾಗಿ ಹೊಲ, ಒಂದಿಷ್ಟು ತೆಂಗು, ಎರಡು ಸೀಮೆಹಸು, ಹತ್ತಿಪ್ಪತ್ತು ಕುರಿ ಮೇಕೆ, ಎಲ್ಲೋ ಕೆಲವರಲ್ಲಿ ಇನ್ನೂ ಉಳಿದಿರುವ ಒಂದು ಜೊತೆ ಹಳ್ಳಿಕಾರ್ ಎತ್ತು, ಇಷ್ಟನ್ನು ಇಟ್ಟುಕೊಂಡು ಬದುಕುವ ಕುಟುಂಬಗಳಿವೆ. ಫಾಲ್ಗುಣದ ಕೊನೆಯಿಂದ ವೈಶಾಖ ಮುಗಿಯುವವರೆಗೆ ಅಂಥ ಮನೆಯ ದಿನ ಹೇಗೆ ಸಾಗುತ್ತದೆ ಎಂಬುದೇ ಇವತ್ತಿನ ನನ್ನ ವಿಷಯ. ಪಂಚಾಂಗದ ಪ್ರಕಾರ ಚೈತ್ರ ವೈಶಾಖಗಳು ವಸಂತ ಋತು. ಕೊಟ್ಟಿಗೆಯ ಪ್ರಕಾರ ಅದು ಮೇವಿನ ಲೆಕ್ಕ ಹಾಕುವ ಕಾಲ. ಎಷ್ಟು ರಾಸು ಕಟ್ಟಬಹುದು ಎಂಬುದನ್ನು ಬ್ಯಾಂಕಿನ ಸಾಲವಾಗಲಿ ಹಾಲಿನ ದರವಾಗಲಿ ತೀರ್ಮಾನಿಸಬಾರದು, ಯುಗಾದಿಯ ದಿನ ಮೆದೆಯಲ್ಲಿ ಉಳಿದಿರುವ ಹುಲ್ಲು ತೀರ್ಮಾನಿಸಬೇಕು ಎಂಬುದು ನನ್ನ ಅಭಿಪ್ರಾಯ. ಅದರ ಜೊತೆಗೆ, ಆ ಮನೆಯ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಎದ್ದು ಎಷ್ಟು ಹೊತ್ತಿಗೆ ಮಲಗುತ್ತಾರೆ ಎಂಬುದೂ ಲೆಕ್ಕಕ್ಕೆ ಬರಬೇಕು.

ಮೊದಲು ಮೆದೆಯ ಮಾತು. ರಾಗಿ ಒಕ್ಕಣೆ ಮುಗಿದ ಮೇಲೆ, ಡಿಸೆಂಬರ್ ಜನವರಿಯಲ್ಲಿ, ಕಣದ ಪಕ್ಕದಲ್ಲಿ ಹುಲ್ಲಿನ ಮೆದೆ ಒಟ್ಟುತ್ತಾರೆ. ಮೇಲ್ಭಾಗವನ್ನು ನೀರು ಜಾರುವಂತೆ ಇಳಿಜಾರು ಮಾಡುವುದರಲ್ಲಿ ಒಟ್ಟುವವನ ಕೈಚಳಕ ಕಾಣುತ್ತದೆ. ಏಪ್ರಿಲ್‌ನ ಒಂದು ಜೋರು ಮಳೆಗೆ ನೆತ್ತಿಯಿಂದ ನೀರು ಇಳಿದರೆ ಒಳಗಿನ ಹುಲ್ಲು ಕಪ್ಪಾಗಿ ಬೂಸ್ಟು ಹಿಡಿಯುತ್ತದೆ, ಹಸು ಅದನ್ನು ಮೂಸಿ ಮುಖ ತಿರುಗಿಸುತ್ತದೆ. ಮೆದೆಯಿಂದ ಹುಲ್ಲು ಹಿರಿಯುವುದಕ್ಕೂ ಕ್ರಮವಿದೆ. ಒಂದೇ ಪಕ್ಕದಿಂದ, ಮೇಲಿನಿಂದ ಕೆಳಕ್ಕೆ, ಅಂದಂದಿಗೆ ಬೇಕಾದಷ್ಟನ್ನೇ ಹಿರಿಯಬೇಕು. ಬೇಸಿಗೆಯಲ್ಲಿ ತಂಪು ಹುಡುಕಿಕೊಂಡು ಹಾವು ಮೆದೆಯ ಬುಡ ಸೇರುವುದರಿಂದ, ತಿಳಿದವರು ಬರಿಗೈ ತೂರಿಸುವುದಿಲ್ಲ, ಕೊಕ್ಕೆಯಲ್ಲಿ ಎಳೆಯುತ್ತಾರೆ, ಅದೂ ಬೆಳಕಿರುವಾಗಲೇ.

ಈಗ ಸಣ್ಣದೊಂದು ಲೆಕ್ಕ. ನಾನೂರು ಕಿಲೋ ತೂಗುವ ಹಸುವಿಗೆ ದಿನಕ್ಕೆ ಸುಮಾರು 10ರಿಂದ 12 ಕಿಲೋ ಒಣಪದಾರ್ಥ, ಅಂದರೆ ನೀರಿನಂಶ ಕಳೆದು ಉಳಿಯುವ ಮೇವು, ಬೇಕು. ಹಿಂಡಿ, ಬೂಸಾ, ಒಂದಿಷ್ಟು ಹಸಿರು ಎಲ್ಲ ಕಳೆದರೂ ಆರೇಳು ಕಿಲೋ ಒಣಹುಲ್ಲು ಬೇಕೇ ಬೇಕು. ಎರಡು ಹಸು, ಎರಡು ಎತ್ತು ಇದ್ದರೆ ದಿನಕ್ಕೆ ಇಪ್ಪತ್ತೈದು ಕಿಲೋ ಸಮೀಪ. ಯುಗಾದಿಯಿಂದ ಬದುವಿನ ಹುಲ್ಲು ಕುಯ್ಯುವಷ್ಟು ಬೆಳೆಯುವ ಹೊತ್ತಿಗೆ ಮೂರು ತಿಂಗಳಿಗೂ ಹೆಚ್ಚು ಹಿಡಿಯುತ್ತದೆ, ಅಂದರೆ ಸುಮಾರು ಎರಡೂವರೆ ಟನ್ ಬೇಕು. ಮಳೆಯನ್ನೇ ನಂಬಿದ ಹೊಲದಲ್ಲಿ ಎಕರೆಗೆ ಹೆಚ್ಚುಕಡಿಮೆ ಒಂದು ಟನ್ ರಾಗಿ ಹುಲ್ಲು ಸಿಕ್ಕರೆ, ಎರಡೂವರೆ ಎಕರೆಯ ಹುಲ್ಲೆಲ್ಲ ಈ ಮೂರು ತಿಂಗಳಿಗೇ ಹೋಯಿತು. ಸಂಕ್ರಾಂತಿಯಿಂದ ಯುಗಾದಿಯವರೆಗೆ ತಿನ್ನಿಸಿದ್ದನ್ನು ಎಲ್ಲಿಂದ ತಂದರು? ಆದ್ದರಿಂದಲೇ ಮಾಘದಲ್ಲಿ, ಮೆದೆ ಎತ್ತರವಾಗಿ ಕಾಣುವಾಗ, ಸಾಲ ಮಾಡಿ ಮೂರನೆಯ ಹಸು ತಂದ ಮನೆಯವರು ಚೈತ್ರದಲ್ಲಿ ಹುಲ್ಲಿನ ಲಾರಿಯ ಮುಂದೆ ನಿಂತಿರುತ್ತಾರೆ. ಯಂತ್ರದಲ್ಲಿ ಕಟಾವು ಮಾಡಿ ಸುರುಳಿ ಕಟ್ಟಿದ ಹುಲ್ಲು ಈಗ ಹಣ ಕೊಟ್ಟರೆ ಸಿಗುತ್ತದೆ, ನಿಜ. ಆದರೆ ಬೇಸಿಗೆಯ ಬೆಲೆಗೆ ಕೊಂಡ ಹುಲ್ಲು ಆ ಹಸುವಿನ ಬೇಸಿಗೆಯ ಹಾಲನ್ನೇ ತಿಂದುಹಾಕುತ್ತದೆ.

ಹಿಂದಿನ ಮೈಸೂರು ಅರಸರಿಗೆ ಈ ಕಷ್ಟ ಚೆನ್ನಾಗಿ ತಿಳಿದಿತ್ತು. ಚಿಕ್ಕದೇವರಾಜ ಒಡೆಯರ ಆಳ್ವಿಕೆಯ (1672–1704) ಬೆಣ್ಣೆ ಚಾವಡಿಯ, ಅಂದರೆ ಅರಮನೆಯ ದನಗಳ ಇಲಾಖೆಯ, ದನಗಳು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿಕೊಂಡವು. ಅವುಗಳಿಗೆಂದು ಬಿಟ್ಟಿದ್ದ ಕಾವಲುಗಳನ್ನು, ಅಂದರೆ ಮೇಯುವ ಬಯಲುಗಳನ್ನು, ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು ಎಂದು ವಿಂಗಡಿಸಿದ್ದರು. ನೆರಳು ಕೊಡುವ ಮರಗಳೂ ಕೆರೆಯಂಗಳದ ಹಸಿರೂ ಇದ್ದ ಜಾಗಗಳನ್ನು ಬೇಸಿಗೆಗೆ ಕಾಯ್ದಿಡುತ್ತಿದ್ದರು. ರಾಜ್ಯವೊಂದು ತನ್ನ ದನಗಳಿಗೆ ಚೈತ್ರ ವೈಶಾಖದ ವ್ಯವಸ್ಥೆಯನ್ನು ಬೇರೆಯಾಗಿಯೇ ಮಾಡಿತ್ತು. ಇವತ್ತಿನ ಸಣ್ಣ ರೈತನಿಗೆ ಅಂಥ ಬೇಸಿಗೆ ಕಾವಲು ಇಲ್ಲ. ಊರ ಗೋಮಾಳ ಸಾಗುವಳಿಗೂ ನಿವೇಶನಕ್ಕೂ ಕರಗಿದೆ. ಉಳಿದಿರುವುದು ಕೆರೆಯ ಅಂಗಳ, ತೋಟದ ನೆರಳು, ಬೇಲಿಯ ಸೊಪ್ಪು ಮಾತ್ರ.

ಬಿಸಿಲು ದಿನದ ವೇಳಾಪಟ್ಟಿಯನ್ನೇ ಬದಲಿಸಿಬಿಡುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಮನೆಯೊಡತಿ ಎದ್ದು, ಗೊಂತಿನಲ್ಲಿ ಉಳಿದ ಕಡ್ಡಿ ತೆಗೆದು, ಸಗಣಿ ಬಾಚಿ, ಗಂಜಲ ಹರಿಯುವ ಕಾಲುವೆಗೆ ನೀರು ಹಾಕಿ, ಹಸುವಿನ ಕೆಚ್ಚಲು ತೊಳೆದು ಒರೆಸಿ ಹಾಲು ಕರೆಯಲು ಕೂರುವ ಹೊತ್ತಿಗೆ ಇನ್ನೂ ಕತ್ತಲು. ಡೈರಿಯಲ್ಲಿ ಕ್ಯಾನಿಗೆ ಹಾಲು ಸುರಿಯುವ ಮುಂಚೆ ಮಾದರಿ ತೆಗೆದು ಜಿಡ್ಡಿನಂಶ, ಘನಾಂಶ ನೋಡುತ್ತಾರೆ. ಬೇಸಿಗೆಯಲ್ಲಿ ಈ ಎರಡೂ ಇಳಿಯುತ್ತವೆ. ಕಾರಣ ಹಸುವಿನ ಹೊಟ್ಟೆಯಲ್ಲಿದೆ. ನಾರಿನ ಮೇವು ಜೀರ್ಣವಾಗುವಾಗ ಮೊದಲ ಹೊಟ್ಟೆಯಲ್ಲಿ ಶಾಖ ಹುಟ್ಟುತ್ತದೆ. ಹೊರಗೂ ಸೆಕೆ ಇರುವಾಗ ಹಸು ಆ ಶಾಖವನ್ನು ತಡೆಯಲಾರದೆ ಮೇವನ್ನೇ ಕಡಿಮೆ ತಿನ್ನುತ್ತದೆ. ಮೇವು ಕಡಿಮೆಯಾದರೆ ಹಾಲೂ ಕಡಿಮೆ, ಜಿಡ್ಡೂ ಕಡಿಮೆ. ಇದನ್ನು ತಿಳಿಯದೆ, ಹಾಲು ಇಳಿಯಿತೆಂದು ಹಿಂಡಿ ಹೆಚ್ಚಿಸಿ ಹುಲ್ಲು ಕಡಿಮೆ ಮಾಡುವವರಿದ್ದಾರೆ. ಜಿಡ್ಡು ಇನ್ನಷ್ಟು ಕುಸಿಯುತ್ತದೆ, ಹಸುವಿನ ಹೊಟ್ಟೆಯೂ ಕೆಡುತ್ತದೆ. ಹುಲ್ಲನ್ನು ರಾತ್ರಿ ಒಂಬತ್ತಕ್ಕೆ ಒಮ್ಮೆ, ಬೆಳಗಿನ ಜಾವಕ್ಕೆ ಒಮ್ಮೆ ಹಾಕುವುದೇ ಸರಿಯಾದ ದಾರಿ. ತಂಪು ಹೊತ್ತಿನಲ್ಲಿ ಹಸು ಮನಸ್ಸಿಟ್ಟು ತಿನ್ನುತ್ತದೆ. ಆದರೆ ರಾತ್ರಿ ಒಂಬತ್ತರ ಹುಲ್ಲನ್ನು ಹಾಕುವವರು ಯಾರು? ನಾಲ್ಕೂವರೆಗೆ ಎದ್ದವರೇ. ಬೇಸಿಗೆಯ ಪಶುಪಾಲನೆಯ ಸಲಹೆಗಳನ್ನು ಬರೆಯುವ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪರೂಪ.

ಹಾಲಿನಲ್ಲಿ ನೂರಕ್ಕೆ ಎಂಬತ್ತೇಳು ಭಾಗ ನೀರೇ ಇರುವುದರಿಂದ, ಹಾಲು ಕೊಡುವ ಸೀಮೆಹಸು ಬಿಸಿಲ ದಿನಗಳಲ್ಲಿ ಎಪ್ಪತ್ತು ಎಂಬತ್ತು ಲೀಟರ್ ನೀರು ಕುಡಿಯುವುದು ಹೊಸ ಸುದ್ದಿಯಲ್ಲ. ಆದರೆ ಬಾನಿಯಲ್ಲಿ ಮಧ್ಯಾಹ್ನದವರೆಗೆ ಬಿಸಿಲಿಗೆ ಕಾದ ನೀರನ್ನು ಅದು ಬಾಯಿ ಅದ್ದಿ ಬಿಟ್ಟುಬಿಡುತ್ತದೆ. ತೋಟದ ಮೋಟಾರಿಗೆ ತ್ರೀಫೇಸ್ ಕರೆಂಟು ಪಾಳಿಯಲ್ಲಿ ಬರುವ ಊರುಗಳಲ್ಲಿ ರಾತ್ರಿ ಪಾಳಿಯಾದರೆ ಮನೆಯ ಗಂಡಸು ಟಾರ್ಚು ಹಿಡಿದು ಹೋಗಿ ಬೋರ್‌ವೆಲ್ ಚಾಲು ಮಾಡಿ ತೊಟ್ಟಿ ತುಂಬಿಸಿ ಬರಬೇಕು. ಹತ್ತು ಗಂಟೆಯಿಂದ ನಾಲ್ಕರವರೆಗೆ ದನಗಳ ಜಾಗ ಹುಣಸೆ ಅಥವಾ ಹೊಂಗೆಯ ಕೆಳಗೆ. ಫೆಬ್ರವರಿ ಮಾರ್ಚಿನಲ್ಲಿ ಎಲೆ ಉದುರಿಸಿ ಏಪ್ರಿಲ್ ಹೊತ್ತಿಗೆ ಒತ್ತಾಗಿ ಚಿಗುರುವ ಹೊಂಗೆ, ತಗಡಿನ ಕೊಟ್ಟಿಗೆಗಿಂತ ಎಷ್ಟೋ ಮೇಲು. ತಗಡು ಹಾಕಿಸಿದವರು ಕನಿಷ್ಠ ಅದರ ಮೇಲೆ ತೆಂಗಿನ ಗರಿಯನ್ನಾದರೂ ಹೊದಿಸಬೇಕು.

ಸೆಕೆಯ ಇನ್ನೊಂದು ಪೆಟ್ಟು ಗರ್ಭಧಾರಣೆಯ ಮೇಲೆ. ಬೇಸಿಗೆಯಲ್ಲಿ ಹಸು ಬೆದೆಗೆ ಬಂದದ್ದು ಗೊತ್ತಾಗುವುದೇ ಕಷ್ಟ. ಬೆದೆಯ ಅವಧಿ ಚಿಕ್ಕದಾಗುತ್ತದೆ, ಲಕ್ಷಣಗಳು ರಾತ್ರಿಯ ತಂಪಿನಲ್ಲಿ ಕಾಣಿಸಿ ಬೆಳಗಾಗುವಷ್ಟರಲ್ಲಿ ಮಾಯವಾಗುತ್ತವೆ. ಎಮ್ಮೆಯಲ್ಲಂತೂ ಲಕ್ಷಣವನ್ನೇ ತೋರದ ಮೂಕಬೆದೆಯೇ ಹೆಚ್ಚು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಬೇಕೆಂಬ ನಿಯಮವನ್ನು ಎಲ್ಲರೂ ಬಲ್ಲರು. ಆದರೆ ರಾತ್ರಿ ಹುಲ್ಲು ಹಾಕಲು ಹೋದಾಗ ಬಾಲದ ಬುಡದಲ್ಲಿ ಲೋಳೆ ಕಂಡವರೇ ನಿಜವಾದ ಸುದ್ದಿಗಾರರು. ಒಂದು ಬೆದೆ ತಪ್ಪಿದರೆ ಇಪ್ಪತ್ತೊಂದು ದಿನ ಹಿಂದೆ ಬಿದ್ದಂತೆ.

ಇನ್ನು ಹಬ್ಬ. ಹಳೇ ಮೈಸೂರಿನ ಕೆಲವು ಕಡೆ ಯುಗಾದಿಯಂದು ಹೊನ್ನಾರು ಕಟ್ಟುವ ಪದ್ಧತಿ ಈಗಲೂ ಇದೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ನೇಗಿಲು ಕಟ್ಟಿ ವರ್ಷದ ಮೊದಲ ಉಳುಮೆ ಮಾಡುತ್ತಾರೆ. ಎತ್ತಿಲ್ಲದ ಊರುಗಳಲ್ಲಿ ಟ್ರ್ಯಾಕ್ಟರಿಗೆ ಹೂವಿನ ಹಾರ ಹಾಕಿ ಅದೇ ಶಾಸ್ತ್ರ ಮಾಡುವುದನ್ನೂ ಕಾಣಬಹುದು. ಶಿವರಾತ್ರಿಯ ಸುಮಾರಿನ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹೊಸ ಜೊತೆ ಹಿಡಿದು ತಂದವರಿಗೆ ಹೊನ್ನಾರಿನ ದಿನವೇ ಎತ್ತಿನ ನಡಿಗೆಯ ಮೊದಲ ಪರೀಕ್ಷೆ. ಆದರೆ ಕುಟುಂಬದ ಆದಾಯದ ದೃಷ್ಟಿಯಿಂದ ಯುಗಾದಿಗಿಂತ ಅದರ ಮರುದಿನದ ಹೊಸತೊಡಕೇ ಮುಖ್ಯ. ಅಂದು ಈ ಸೀಮೆಯ ಬಹುಪಾಲು ಮನೆಗಳಲ್ಲಿ ಬಾಡೂಟ. ವರ್ಷವಿಡೀ ಚೀಟಿ ಕಟ್ಟಿ ಆ ದಿನ ಮಾಂಸ ಹಂಚಿಕೊಳ್ಳುವ ಗುಂಪುಗಳು ಊರೂರಲ್ಲಿವೆ. ಹೀಗೆ ಪಾಲು ಹಾಕಿ ಹಂಚುವ ಗುಡ್ಡೆ ಬಾಡಿಗಾಗಿ ಕುರಿ ಹುಡುಕಿಕೊಂಡು ಅವರು ಹದಿನೈದು ದಿನ ಮೊದಲೇ ಮನೆ ಬಾಗಿಲಿಗೆ ಬರುತ್ತಾರೆ. ಮಳವಳ್ಳಿ ಕಡೆಯ ಬಂಡೂರು ತಳಿಯ ಟಗರನ್ನು, ಕುಳ್ಳಗೆ, ತುಂಬಿದ ತೊಡೆಗಳಿರುವ ಆ ಪ್ರಾಣಿಯನ್ನು, ಸಾಕಿದವರಿಗೆ ಚೌಕಾಸಿಯಲ್ಲಿ ಮೇಲುಗೈ. ಮೇವು ಮುಗಿಯುತ್ತಿರುವ ಹೊತ್ತಿಗೇ ಮಾರಾಟದ ಕಾಲ ಬರುವುದು ಈ ವ್ಯವಸ್ಥೆಯಲ್ಲಿರುವ ಜಾಣತನ. ಗಂಡು ಮರಿಗಳು ಹೋದರೆ ಬೇಲಿಯ ಸೊಪ್ಪು ಉಳಿದ ತಾಯಿ ಕುರಿಗಳಿಗೆ ಸಾಕಾಗುತ್ತದೆ, ಬಂದ ಹಣ ಹಿಂಡಿ ಬೂಸಾಕ್ಕೂ ಮುಂಗಾರಿನ ಬಿತ್ತನೆ ಬೀಜಕ್ಕೂ ಒದಗುತ್ತದೆ.

ಉಳಿದ ಕುರಿ ಮೇಕೆಗಳು ಈ ಕಾಲದಲ್ಲಿ ಬದುಕುವುದು ಮರಗಳಿಂದ. ಕರಿಜಾಲಿಯ ಕಾಯಿ, ಮಳೆಮರದ ಕಾಯಿ ಇದೇ ತಿಂಗಳುಗಳಲ್ಲಿ ಹಣ್ಣಾಗಿ ಉದುರುತ್ತವೆ. ಅತ್ತಿ, ಗೋಣಿ, ಹಲಸಿನ ಸೊಪ್ಪು ಇರುತ್ತದೆ. ಪರೀಕ್ಷೆ ಮುಗಿಸಿದ ಮಕ್ಕಳು ಚೀಲ ಹಿಡಿದು ಜಾಲಿಕಾಯಿ ಆಯುವುದನ್ನು ಆಟವೆಂದು ತಿಳಿಯುವವರುಂಟು. ಅದು ಪ್ರೋಟೀನು ತುಂಬಿದ ಮೇವಿನ ಸಂಗ್ರಹ.

ಚೈತ್ರದಲ್ಲಿ ಮೈಮುರಿಯುವ ಕೆಲಸವೆಂದರೆ ತಿಪ್ಪೆ ಬಗೆಯುವುದು. ವರ್ಷವಿಡೀ ಬಿದ್ದ ಸಗಣಿ, ಕಸ, ದನ ತಿಂದು ಬಿಟ್ಟ ಹುಲ್ಲಿನ ಕಡ್ಡಿ ಎಲ್ಲವೂ ಒಂದಾಗಿ ಕೊಳೆತ ಗೊಬ್ಬರವನ್ನು ಮುಂಗಾರಿನ ಮುಂಚೆ ಹೊಲಕ್ಕೆ ಹೊಡೆಯಬೇಕು. ಗುದ್ದಲಿ ಇಳಿದಂತೆ ಮೇಲಿನ ಒಣ ಪದರ ಕಳೆದು ಕೆಳಗಿನ ಕಪ್ಪು ಪದರ ಸಿಗುತ್ತದೆ. ಅದರೊಳಗೆ ಹೆಬ್ಬೆರಳ ಗಾತ್ರದ, ಬಿಲ್ಲಿನಂತೆ ಬಾಗಿದ ಬಿಳಿ ಹುಳುಗಳು. ತೆಂಗಿನ ಸುಳಿ ಕೊರೆಯುವ ದುಂಬಿ ಮೊಟ್ಟೆಯಿಡುವುದು ಇಂಥ ತಿಪ್ಪೆಗಳಲ್ಲಿಯೇ ಆದ್ದರಿಂದ, ತೆಂಗಿನ ಸೀಮೆಯಲ್ಲಿ ತಿಪ್ಪೆ ಬಗೆಯುವ ದಿನ ಹುಳು ಆಯುವುದೂ ಕೆಲಸದ ಭಾಗ. ಕೋಳಿಗಳು ಆ ಹೊತ್ತಿಗೆ ಕರೆಯದೇ ಬಂದು ಗುದ್ದಲಿಯ ಹಿಂದೆಯೇ ಸುತ್ತುತ್ತವೆ, ಗುದ್ದಲಿ ಹಿಡಿದವರು ಅವುಗಳ ಮೇಲೆ ರೇಗುತ್ತಲೇ ಇರುತ್ತಾರೆ. ಹೊಲದಲ್ಲಿ ಸಣ್ಣ ಸಣ್ಣ ಗುಡ್ಡೆ ಹಾಕಿದ ಗೊಬ್ಬರವನ್ನು ಬಿಸಿಲಿಗೆ ವಾರಗಟ್ಟಲೆ ಬಿಡುವುದು ತಪ್ಪು, ಸಾರಜನಕ ಗಾಳಿಗೆ ಹೋಗುತ್ತದೆ. ಹರಡಿದ ದಿನವೇ ಉಳುವುದು ಲೇಸು. ತಿಪ್ಪೆ ಸಾಲದವರು ಕುರಿ ಮಂದೆ ಕಟ್ಟಿಸುತ್ತಾರೆ. ವಲಸೆ ಕುರಿಗಾರರ ಮಂದೆ ರಾತ್ರಿ ಹೊಲದಲ್ಲಿ ತಂಗಿದ್ದಕ್ಕೆ ದವಸವನ್ನೋ ಹಣವನ್ನೋ ಕೊಡುವ ಈ ಏರ್ಪಾಡು, ಹೊಲ ಬರಿದಾಗಿರುವ ಈ ತಿಂಗಳುಗಳಲ್ಲದೆ ಬೇರೆ ಕಾಲದಲ್ಲಿ ನಡೆಯದು.

ರೋಗಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಸೆಕೆ ಏರಿದಂತೆ ರಕ್ತ ಹೀರುವ ಉಣ್ಣೆ ಹುಳು ಹೆಚ್ಚುತ್ತದೆ, ಸೀಮೆಹಸುಗಳಿಗೆ ಉಣ್ಣೆಯಿಂದ ಹರಡುವ ಜ್ವರಗಳು ಬರುತ್ತವೆ. ಕಿವಿಯ ಒಳಗು, ಕೆಚ್ಚಲ ಸಂದು, ಬಾಲದ ಬುಡ ಇಷ್ಟನ್ನು ದಿನವೂ ಕೈಯಾಡಿಸಿ ನೋಡಬೇಕು. ಕಾಲುಬಾಯಿ ರೋಗದ ಲಸಿಕೆ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ಉಚಿತವಾಗಿ ಬರುತ್ತದೆ. ಲಸಿಕೆ ಹಾಕಿಸಿದರೆ ಎರಡು ದಿನ ಹಾಲು ಇಳಿಯುತ್ತದೆಂದು ಹಸುವನ್ನು ತೋಟದಲ್ಲಿ ಅಡಗಿಸಿಡುವ ಬುದ್ಧಿವಂತಿಕೆ ಇನ್ನೂ ಹೋಗಿಲ್ಲ.

ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ಕೊನೆಯ ವಾರದಲ್ಲಿ ಭರಣಿ ಮಳೆ ಹುಟ್ಟುತ್ತವೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಹೇಳಿದರೂ, ಕೊಟ್ಟಿಗೆಗೆ ಆ ಮಳೆಯ ಮರುವಾರವೇ ಅಪಾಯದ್ದು. ಕುಯ್ದ ಜೋಳದ ಕೂಳೆ ಮಳೆಗೆ ಚಿಗುರುತ್ತದೆ, ಬಳಿಕ ಬಿಸಿಲಿಗೆ ಬಾಡುತ್ತದೆ. ಮೊಣಕಾಲೆತ್ತರಕ್ಕೂ ಬಾರದ ಆ ಎಳೆ ಜೋಳದಲ್ಲಿ ಸಯನೈಡ್ ವಿಷ ಇರುತ್ತದೆ. ತಿಂಗಳುಗಟ್ಟಲೆ ಒಣಹುಲ್ಲು ತಿಂದು ಬಾಯಿ ಕೆಟ್ಟ ಹಸು ಹಗ್ಗ ಕಿತ್ತುಕೊಂಡು ಅಲ್ಲಿಗೇ ಓಡುತ್ತದೆ. ಹೊಟ್ಟೆ ತುಂಬ ತಿಂದರೆ ಉಸಿರು ಮೇಲೆಕೆಳಗಾಗಿ ಗಂಟೆಯೊಳಗೇ ಸಾಯಬಹುದು. ಇದಕ್ಕೆ ಮದ್ದು ಇದೆ, ರಕ್ತನಾಳಕ್ಕೆ ಕೊಡುವ ಸೋಡಿಯಂ ಥಯೋಸಲ್ಫೇಟ್. ಆದರೆ ವೈದ್ಯರು ಬರುವವರೆಗೆ ಹಸು ಉಳಿಯಬೇಕಲ್ಲ. 1962ಕ್ಕೆ ಫೋನು ಮಾಡಿದರೆ ಪಶು ಸಂಚಾರಿ ವಾಹನ ಬರುತ್ತದೆ, ದೂರದ ಹಳ್ಳಿಗೆ ಅದೂ ಹೊತ್ತು ಹಿಡಿಯುತ್ತದೆ. ಕುರಿಗಳಿಗೆ ಬೇರೆಯದೇ ಕಂಟಕ. ಎಳೆ ಹುಲ್ಲನ್ನು ಒಮ್ಮೆಲೇ ಮೇದಾಗ ಕರುಳುಬೇನೆ ಬಂದು, ಅದೂ ಗುಂಪಿನಲ್ಲಿ ದಷ್ಟಪುಷ್ಟವಾಗಿರುವ ಮರಿಗಳೇ ರಾತ್ರೋರಾತ್ರಿ ಬೀಳುತ್ತವೆ. ಇದರ ಲಸಿಕೆಯನ್ನು ಮೇ ತಿಂಗಳೊಳಗೆ, ಮಳೆ ಹಿಡಿಯುವ ಮುಂಚೆ ಹಾಕಿಸಬೇಕು. ಅದರ ಜೊತೆಗೆ, ಹಸಿರು ಕಂಡ ಮೊದಲ ಹದಿನೈದು ದಿನ ದನವಾಗಲಿ ಕುರಿಯಾಗಲಿ ಹಸಿದ ಹೊಟ್ಟೆಯಲ್ಲಿ ಬಯಲಿಗೆ ಬಿಡಬಾರದು. ಬೆಳಿಗ್ಗೆ ಒಂದೊಂದು ಹಿಡಿಯಾದರೂ ರಾಗಿ ಹುಲ್ಲು ಕೊಟ್ಟು, ಇಬ್ಬನಿ ಆರಿದ ಮೇಲೆ ಬಿಡಬೇಕು. ಮೆದೆಯ ಲೆಕ್ಕ ಹಾಕುವಾಗ ಮಳೆ ಬಂದ ದಿನಕ್ಕೇ ಲೆಕ್ಕ ನಿಲ್ಲಿಸದೆ ಈ ಹದಿನೈದು ದಿನದ ಹುಲ್ಲನ್ನೂ ಸೇರಿಸಿಕೊಳ್ಳಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಬಹುದು.