ನಕ್ಷೆಯಲ್ಲಿ ಇಲ್ಲದ ಊರಿನ ಜನಗಣತಿ

ಎಲ್ಲರಿಗೂ ನಮಸ್ಕಾರ.

ಇವತ್ತು ಎಸ್ಟೋನಿಯಾದ ಒಂದು ಸಣ್ಣ ಊರಿನ ಬಗ್ಗೆ ಮಾತಾಡುತ್ತೇನೆ. ಊರಿನ ಹೆಸರು ಸಿಲ್ಲಮ್ಯಾಎ. ‘ಪ್ಯಾಟೆ’ ಅನ್ನುವಾಗ ನಮ್ಮ ಬಾಯಲ್ಲಿ ಬರುವ ಸ್ವರ ಇದೆಯಲ್ಲ, ಈ ಹೆಸರಿನಲ್ಲಿರುವುದೂ ಹೆಚ್ಚುಕಡಿಮೆ ಅದೇ. ನಮ್ಮ ನಾಲಿಗೆಗೆ ಕಷ್ಟವೇನಿಲ್ಲ.

ಊರು ದೇಶದ ಈಶಾನ್ಯ ಮೂಲೆಯಲ್ಲಿ, ಫಿನ್ಲೆಂಡ್ ಕೊಲ್ಲಿಯ ದಡದಲ್ಲಿದೆ. ರಷ್ಯಾ ಗಡಿಯ ನಾರ್ವಾ ಪಟ್ಟಣ ಇಲ್ಲಿಂದ ಸುಮಾರು 25 ಕಿಲೋಮೀಟರ್. ಮೊದಲು ಮೂರು ಲೆಕ್ಕ ಹೇಳಿಬಿಡುತ್ತೇನೆ, ನೆನಪಿಟ್ಟುಕೊಳ್ಳಿ. 1959ರಲ್ಲಿ ಊರಿನ ಜನ ಸುಮಾರು 8 ಸಾವಿರ. 1989ರಲ್ಲಿ 20 ಸಾವಿರಕ್ಕೂ ಜಾಸ್ತಿ. 2021ರಲ್ಲಿ 12 ಸಾವಿರ ಚಿಲ್ಲರೆ. ಈ ಏರಿಳಿತ ತಾನಾಗಿ ಆದದ್ದಲ್ಲ. ಇಲ್ಲಿಗೆ ಯಾರು ಬರಬೇಕು, ಯಾರು ಬರಬಾರದು ಅನ್ನುವುದನ್ನು ದೂರದಲ್ಲಿ ಕೂತವರು ತೀರ್ಮಾನ ಮಾಡಿದ್ದರು. ಅದಕ್ಕೇ ಈ ಊರಿನ ಜನಸಂಖ್ಯೆಯನ್ನು ಬರೀ ಅಂಕಿ ಅಂತ ಓದಲು ನನಗೆ ಮನಸ್ಸು ಬರುವುದಿಲ್ಲ.

ಹಳೆಯ ಕತೆ ಚಿಕ್ಕದು. 1502ರ ದಾಖಲೆಯಲ್ಲಿ ಈ ಜಾಗದ ಹೆಸರು ಮೊದಲ ಸಲ ಸಿಗುತ್ತದೆ. ಆಗಿನ ಜರ್ಮನ್ ಮಾತಿನಲ್ಲಿ ‘ಟೋರ್ ಬ್ರುಗ್ಗೆನ್’, ಅಂದರೆ ಸೇತುವೆ ಹತ್ತಿರ. ಎಸ್ಟೋನಿಯನ್ ಹೆಸರಿಗೂ ‘ಸೇತುವೆ ಗುಡ್ಡ’ ಅಂತಲೇ ಅರ್ಥ. ಮುಂದೆ 19ನೇ ಶತಮಾನದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಓದಿದ ಜನ ಬೇಸಿಗೆ ಕಳೆಯಲು ಇಲ್ಲಿಗೆ ಬರತೊಡಗಿದರು. ಪಕ್ಕದ ನಾರ್ವಾ-ಯೋಯೆಸೂ ಗದ್ದಲದ ಜಾಗ. ಇಲ್ಲಿ ಕಡಲು ಇತ್ತು, ಪೈನ್ ಮರಗಳಿದ್ದವು, ಜನ ಕಡಿಮೆ. ನಾಯಿಗಳ ಜೊಲ್ಲಿನ ಮೇಲೆ ಪ್ರಯೋಗ ಮಾಡಿ ಹೆಸರಾದ ವಿಜ್ಞಾನಿ ಇವಾನ್ ಪಾವ್ಲೊವ್ 1891ರಿಂದ ಸುಮಾರು ಕಾಲು ಶತಮಾನ ಬೇಸಿಗೆಯಲ್ಲಿ ಇಲ್ಲಿಗೇ ಬರುತ್ತಿದ್ದರು.

ಎಸ್ಟೋನಿಯಾ ಸ್ವತಂತ್ರವಾದ ಮೇಲೆ, 1920ರ ದಶಕದ ಕೊನೆಗೆ, ಸ್ವೀಡನ್‌ನ ಹಣದಿಂದ ಇಲ್ಲೊಂದು ಆಯಿಲ್ ಶೇಲ್ ಕಾರ್ಖಾನೆ ಬಂತು. ಆಯಿಲ್ ಶೇಲ್ ಅಂದರೆ ಬೆಂಕಿ ಇಟ್ಟರೆ ಉರಿಯುವ ಕಲ್ಲು. ಕಾಯಿಸಿದರೆ ಎಣ್ಣೆ ಸಿಗುತ್ತದೆ. ಆ ಭಾಗದ ಜನರಿಗೆ ಇವತ್ತಿಗೂ ಅದೇ ಅನ್ನ ಕೊಡುವ ಕಲ್ಲು. ಆಮೇಲೆ ಯುದ್ಧ ಬಂತು. ಹತ್ತಿರದ ವಾಯ್ವಾರದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ ಸೆರೆಶಿಬಿರ ಇತ್ತು. 1944ರ ಬೇಸಿಗೆಯಲ್ಲಿ ಪಕ್ಕದ ಸಿನಿಮ್ಯಾಎದ್ ಗುಡ್ಡಗಳ ಮೇಲೆ ಭಯಂಕರ ಕಾಳಗ ನಡೆಯಿತು. ಅದು ಮುಗಿಯುವಷ್ಟರಲ್ಲಿ ಬೇಸಿಗೆ ಮನೆಗಳ ಆ ಊರು ಹೆಚ್ಚುಕಡಿಮೆ ನೆಲಸಮ.

ಈಗ ನಾವು ನೋಡುವ ಸಿಲ್ಲಮ್ಯಾಎ ಹುಟ್ಟಿದ್ದು ಇದಾದ ಮೇಲೆ.

1945ರ ಆಗಸ್ಟ್‌ನಲ್ಲಿ ಹಿರೋಷಿಮಾ ಮೇಲೆ ಬಾಂಬ್ ಬಿತ್ತು. ಎಸ್ಟೋನಿಯಾ ಆಗ ಸೋವಿಯತ್ ಒಕ್ಕೂಟದ ಹಿಡಿತದಲ್ಲಿತ್ತು. ಅದನ್ನು ಆಳುತ್ತಿದ್ದ ಮಾಸ್ಕೋಗೆ ತನ್ನದೂ ಒಂದು ಬಾಂಬ್ ಬೇಕೇ ಬೇಕು ಅನ್ನುವ ಆತುರ. ಅದಕ್ಕೆ ಯುರೇನಿಯಂ ಬೇಕು, ಆದರೆ ಕೈಯಲ್ಲಿ ಸಾಕಷ್ಟು ಗಣಿಗಳಿಲ್ಲ. ಎಸ್ಟೋನಿಯಾದ ಈ ಕಡಲ ದಡದ ಬಂಡೆಗಳಲ್ಲಿ ಒಂದು ಜಾತಿಯ ಕಪ್ಪು ಶೇಲ್ ಪದರ ಇದೆ. ಅದರಲ್ಲಿ ಯುರೇನಿಯಂ ಇದೆ, ಆದರೆ ತೀರಾ ಕಡಿಮೆ. ಅಷ್ಟಾದರೂ ಸಾಕು ಅಂತ 1946ರಲ್ಲಿ ಇಲ್ಲಿ ಗುಟ್ಟಿನ ಕಾರ್ಖಾನೆ ಶುರುವಾಯಿತು. ಕಟ್ಟಿದವರಲ್ಲಿ ಯುದ್ಧ ಕೈದಿಗಳಿದ್ದರು, ಜೈಲಿನಿಂದ ತಂದವರೂ ಇದ್ದರು. ಅವರ ಲೆಕ್ಕ ಯಾವ ಜನಗಣತಿಯ ಸಾಲಿನಲ್ಲೂ ನಮಗೆ ಕಾಣುವುದಿಲ್ಲ. ಊರಿನ ಚೆಂದದ ಕಟ್ಟಡಗಳನ್ನು ನೋಡುವಾಗ ಮೊದಲು ಅವರನ್ನು ನೆನೆಯಬೇಕು ಅಂತ ನನಗನಿಸುತ್ತದೆ.

ಸ್ಥಳೀಯ ಕಲ್ಲಿನಿಂದ ಸಿಕ್ಕ ಯುರೇನಿಯಂ ಬಹಳ ಸ್ವಲ್ಪ. 1950ರ ದಶಕದ ಆರಂಭದಲ್ಲೇ ಆ ಕೆಲಸ ನಿಂತಿತು. ಆಮೇಲೆ ಚೆಕೊಸ್ಲೊವಾಕಿಯಾ, ಪೂರ್ವ ಜರ್ಮನಿ, ಹಂಗೇರಿಗಳಿಂದ ಅದಿರು ರೈಲಿನಲ್ಲಿ ಬರತೊಡಗಿತು. ಕಲ್ಲಿಗಾಗಿ ಕಟ್ಟಿದ ಕಾರ್ಖಾನೆ ಆ ಕಲ್ಲು ಬಿಟ್ಟ ಮೇಲೂ ನಾಲ್ಕು ದಶಕದ ಹತ್ತಿರ ಯುರೇನಿಯಂ ಸಂಸ್ಕರಣೆ ಮಾಡಿತು.

ಊರಿಗೆ ಬೀಗ ಬಿತ್ತು. ಪಾಸ್ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ. ನಕ್ಷೆಯಲ್ಲಿ ಊರು ಇಲ್ಲ. ಕಾಗದಪತ್ರದಲ್ಲಿ ಒಮ್ಮೆ ನಾರ್ವಾ-10, ಒಮ್ಮೆ ಲೆನಿನ್‌ಗ್ರಾಡ್-1, ಇನ್ನೊಮ್ಮೆ ಮಾಸ್ಕೋ-400. ಸುಮ್ನೆ ಯೋಚನೆ ಮಾಡಿ, ನಿಮ್ಮೂರು ಎಲ್ಲಿ ಅಂತ ಯಾರಾದರೂ ಕೇಳಿದರೆ ನಿಜವಾದ ಹೆಸರು ಹೇಳುವ ಹಾಗಿಲ್ಲ.

ಕೆಲಸಕ್ಕೆ ಜನ ಬಂದದ್ದು ರಷ್ಯಾದಿಂದ, ಬೆಲರೂಸ್‌ನಿಂದ, ಉಕ್ರೇನ್‌ನಿಂದ. ಎಸ್ಟೋನಿಯನ್ನರನ್ನು ಸೇರಿಸಿಕೊಳ್ಳುವುದು ಅಪರೂಪ, ಅವರ ಮೇಲೆ ಸರ್ಕಾರಕ್ಕೆ ನಂಬಿಕೆ ಇರಲಿಲ್ಲ. ತಮ್ಮ ನೆಲದಲ್ಲೇ ಇರುವ ಊರಿಗೆ ಅವರು ಹೊರಗಿನವರಾದರು. ಇದು ಸಣ್ಣ ಅನ್ಯಾಯ ಅಲ್ಲ. ಬಂದವರ ಕಡೆಯಿಂದಲೂ ನೋಡಬೇಕು. ಯುದ್ಧದಲ್ಲಿ ಮನೆಮಠ ಕಳೆದುಕೊಂಡವರಿಗೆ ಇಲ್ಲಿ ಒಳ್ಳೆ ಸಂಬಳ ಇತ್ತು, ಮನೆ ಇತ್ತು. ಬೇರೆ ಊರುಗಳಲ್ಲಿ ಸಿಗದ ಸಾಮಾನು ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತಿತ್ತು. ಯಾರು ತಾನೇ ಬೇಡ ಅಂತಾರೆ? ಅವರ ಮಕ್ಕಳು ಇಲ್ಲೇ ಹುಟ್ಟಿದರು, ಇಲ್ಲೇ ಶಾಲೆಗೆ ಹೋದರು.

1957ರಲ್ಲಿ ಪಟ್ಟಣದ ಪದವಿ ಸಿಕ್ಕಿತು. ಸ್ಟಾಲಿನ್ ಕಾಲದ ಶೈಲಿಯಲ್ಲಿ ಒಟ್ಟಿಗೆ ಯೋಜನೆ ಹಾಕಿ ಕಟ್ಟಿದ ಊರು ಇದು. ಅಗಲವಾದ ಮೆಟ್ಟಿಲ ಸಾಲು ಕಡಲ ಕಡೆಗೆ ಇಳಿಯುತ್ತದೆ. ಕಂಬಗಳ ಸಾಂಸ್ಕೃತಿಕ ಭವನ ಇದೆ. ಪುರಭವನಕ್ಕೆ ಚರ್ಚ್‌ನಂಥ ಚೂಪು ಗೋಪುರ. ಊರ ನಡುವೆ ಒಂದು ಪ್ರತಿಮೆ, ಅಣುವನ್ನು ಕೈಯಲ್ಲಿ ಮೇಲಕ್ಕೆತ್ತಿ ನಿಂತ ಮನುಷ್ಯ. ಆ ಅಣುವೇ ಊರಿಗೆ ಅನ್ನ ಕೊಟ್ಟಿತು. ಕಡಲ ದಡದಲ್ಲಿ ಅದು ಬಿಟ್ಟುಹೋದದ್ದು ಒಂದು ಕಸದ ಕೊಳ. ಯುರೇನಿಯಂ, ಥೋರಿಯಂ ಉಳಿಕೆ, ಶೇಲ್ ಬೂದಿ ಎಲ್ಲ ಸೇರಿ ಸುಮಾರು 1 ಕೋಟಿ 20 ಲಕ್ಷ ಟನ್. ನೀರಿಗೂ ಅದಕ್ಕೂ ಕೆಲವೇ ಮಾರು ದೂರ. ಒಡ್ಡು ಜಾರಿದ್ದರೆ ಬಾಲ್ಟಿಕ್ ಕಡಲಿನ ಸುತ್ತಲಿನ ದೇಶಗಳೆಲ್ಲ ಅನುಭವಿಸಬೇಕಿತ್ತು. ಅದಕ್ಕೇ ಐರೋಪ್ಯ ಒಕ್ಕೂಟ, ನಾರ್ಡಿಕ್ ದೇಶಗಳು, ಎಸ್ಟೋನಿಯಾ ಸೇರಿ ಹಣ ಹಾಕಿದವು. ಒಡ್ಡನ್ನು ಗಟ್ಟಿ ಮಾಡಿ, ಮೇಲೆ ಪದರ ಪದರವಾಗಿ ಮುಚ್ಚಿ, 2008ರ ಹೊತ್ತಿಗೆ ಕೆಲಸ ಮುಗಿಸಿದರು. ಹೊರಗೆ ಅಷ್ಟಾಗಿ ಸುದ್ದಿಯಾಗದ ಕೆಲಸ ಇದು. ಈ ಊರಿನ ಚರಿತ್ರೆಯಲ್ಲಿ ನನಗೆ ತುಂಬಾ ಮೆಚ್ಚುಗೆಯಾದದ್ದೂ ಇದೇ.

1991ರ ಆಗಸ್ಟ್‌ನಲ್ಲಿ ಎಸ್ಟೋನಿಯಾ ಮತ್ತೆ ಸ್ವತಂತ್ರವಾಯಿತು. ಮರುವರ್ಷ ಪೌರತ್ವದ ನಿಯಮ ಬಂತು. 1940ರಲ್ಲಿ ದೇಶ ಸೋವಿಯತ್ ಹಿಡಿತಕ್ಕೆ ಹೋಗುವ ಮೊದಲು ಪ್ರಜೆಗಳಾಗಿದ್ದವರು, ಅವರ ಮಕ್ಕಳುಮರಿ, ಇವರಿಗೆ ಪೌರತ್ವ ತಾನಾಗಿ ಸಿಗುತ್ತದೆ. ಉಳಿದವರು ಭಾಷೆಯ ಪರೀಕ್ಷೆ ಬರೆದು ಪಡೆಯಬೇಕು. ಎಸ್ಟೋನಿಯನ್ನರಿಗೆ ಇದು ಕಳೆದುಕೊಂಡ ದೇಶವನ್ನು ವಾಪಸ್ ಪಡೆಯುವ ದಾರಿ. ಸಿಲ್ಲಮ್ಯಾಎಯವರಿಗೆ? ಅವರನ್ನು ಕರೆತಂದ ದೇಶವೇ ಮಾಯವಾಗಿತ್ತು. ಬೀದಿಯಲ್ಲಿ ಎಸ್ಟೋನಿಯನ್ ಮಾತೇ ಕೇಳದ ಊರಿನಲ್ಲಿ ಆ ಭಾಷೆ ಕಲಿಯುವುದಾದರೂ ಹೇಗೆ? ಎಷ್ಟೋ ಜನರ ಕೈಗೆ ಯಾವ ದೇಶದ ಪ್ರಜೆಯೂ ಅಲ್ಲದವರಿಗೆ ಕೊಡುವ ಬೂದು ಬಣ್ಣದ ಪಾಸ್‌ಪೋರ್ಟ್ ಬಂತು. 1993ರ ಜುಲೈನಲ್ಲಿ ನಾರ್ವಾ ಮತ್ತು ಸಿಲ್ಲಮ್ಯಾಎ ಸ್ವಾಯತ್ತತೆಗಾಗಿ ಜನಮತ ಕೇಳಿದವು. ಮತ ಹಾಕಿದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಬೇಕು ಅಂದರು. ಅದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ರಕ್ತ ಹರಿಯಲಿಲ್ಲ. ಅದೇ ವರ್ಷಗಳಲ್ಲಿ ಯುಗೊಸ್ಲಾವಿಯಾದಲ್ಲಿ ಏನಾಗುತ್ತಿತ್ತು ಅಂತ ನೆನಪಿಸಿಕೊಂಡರೆ ಇದು ಎಷ್ಟು ದೊಡ್ಡ ಮಾತು ಅಂತ ತಿಳಿಯುತ್ತದೆ, ಅಲ್ವಾ?

ಜನ ಹೋಗತೊಡಗಿದ್ದು ಆಗಿನಿಂದ. ಕೆಲವರು ರಷ್ಯಾಕ್ಕೆ ಮರಳಿದರು. ಚಿಕ್ಕ ವಯಸ್ಸಿನವರು ರಾಜಧಾನಿ ಟ್ಯಾಲಿನ್‌ಗೆ, ಫಿನ್ಲೆಂಡ್‌ಗೆ ಹೋದರು. ಹುಟ್ಟುವವರಿಗಿಂತ ಸಾಯುವವರು ಜಾಸ್ತಿಯಾದರು. 2000ದಲ್ಲಿ 17 ಸಾವಿರ, 2011ರಲ್ಲಿ 14 ಸಾವಿರ, ಹೀಗೆ ಲೆಕ್ಕ ಇಳಿಯಿತು. ಉಳಿದವರಲ್ಲಿ ಎಸ್ಟೋನಿಯನ್ನರು ಇವತ್ತಿಗೂ ನೂರಕ್ಕೆ ಐದರ ಆಸುಪಾಸು ಮಾತ್ರ. ಕೆಲಸವೇ ಇಲ್ಲ ಅಂತಲ್ಲ. 2005ರಲ್ಲಿ ಹೊಸ ಬಂದರು ಬಂತು. ಹಳೆಯ ಕಾರ್ಖಾನೆ ‘ಸಿಲ್ಮೆಟ್’ ಅನ್ನುವ ಹೆಸರಿನಲ್ಲಿ ರೇರ್ ಅರ್ಥ್ ಲೋಹಗಳನ್ನು ಬೇರ್ಪಡಿಸುತ್ತದೆ. ಎಲೆಕ್ಟ್ರಿಕ್ ಕಾರು, ಗಾಳಿಯಂತ್ರಗಳ ಕಾಂತಗಳಿಗೆ ಬೇಕಾದ ಲೋಹಗಳಿವು. ಇಂಥ ಕಾರ್ಖಾನೆ ಯುರೋಪಿನಲ್ಲಿ ಇರುವುದೇ ಬೆರಳೆಣಿಕೆಯಷ್ಟು. ಹಾಗಿದ್ದರೂ 20 ಸಾವಿರ ಜನರನ್ನು ಸಾಕುವಷ್ಟು ಕೆಲಸ ಅದರಲ್ಲಿಲ್ಲ.

2022ರಲ್ಲಿ ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಮೇಲೆ ಎಸ್ಟೋನಿಯಾದ ಭಯ ಹೆಚ್ಚಿತು. ಆ ಭಯಕ್ಕೆ ಕಾರಣ ಇದೆ, ನಾನು ಅಲ್ಲಗಳೆಯುವುದಿಲ್ಲ. 2025ರಲ್ಲಿ ಸಂವಿಧಾನ ತಿದ್ದಿ, ರಷ್ಯಾದ ಪಾಸ್‌ಪೋರ್ಟ್ ಇರುವವರಿಗೆ ಸ್ಥಳೀಯ ಚುನಾವಣೆಯಲ್ಲಿದ್ದ ಮತದ ಹಕ್ಕು ತೆಗೆದರು. ಬೂದು ಪಾಸ್‌ಪೋರ್ಟಿನವರು ಆ ವರ್ಷದ ಅಕ್ಟೋಬರ್‌ನಲ್ಲಿ ಕೊನೆಯ ಸಲ ಮತ ಹಾಕಿದರು. ಐವತ್ತು ವರ್ಷ ಒಂದೇ ಬೀದಿಯಲ್ಲಿ ಬದುಕಿದ ಅಜ್ಜಿಗೆ ಆ ಬೀದಿಯ ದೀಪದ ಬಗ್ಗೆ ಮತ ಹಾಕುವ ಹಕ್ಕು ಇರಬೇಕಿತ್ತು. ಇದು ನನ್ನ ಅಭಿಪ್ರಾಯ, ನಿಮಗೆ ಬೇರೆ ಅನ್ನಿಸಬಹುದು.

ಶಾಲೆಗಳ ವಿಷಯದಲ್ಲಿ ನನಗೆ ಅಷ್ಟು ಬೇಸರವಿಲ್ಲ. 2024ರ ಸೆಪ್ಟೆಂಬರ್‌ನಿಂದ ದೇಶದ ರಷ್ಯನ್ ಶಾಲೆಗಳಲ್ಲೂ 1 ಮತ್ತು 4ನೇ ತರಗತಿಗೆ ಪಾಠ ಎಸ್ಟೋನಿಯನ್‌ನಲ್ಲಿ ಶುರುವಾಗಿದೆ. ಈ ಬದಲಾವಣೆ 2030ರ ಹೊತ್ತಿಗೆ ಪೂರ್ತಿಯಾಗಬೇಕು. ಆ ಭಾಷೆ ಚೆನ್ನಾಗಿ ಬರುವ ಮೇಷ್ಟ್ರುಗಳು ಆ ಭಾಗದಲ್ಲಿ ಕಡಿಮೆ, ಕಷ್ಟ ಇದ್ದೇ ಇದೆ. ಆದರೂ ಈಗ ಅಲ್ಲಿ ಒಂದನೇ ತರಗತಿಯಲ್ಲಿ ಕೂತ ಮಗು ‘ಸಿಲ್ಡ್’ ಅಂದರೆ ಸೇತುವೆ, ‘ಮ್ಯಾಗಿ’ ಅಂದರೆ ಗುಡ್ಡ ಅಂತ ಕಲಿಯುತ್ತದೆ. ಸಂಜೆ ಮನೆಗೆ ಹೋಗಿ ಊರಿನ ಹೆಸರಿನ ಅರ್ಥವನ್ನು ಅಜ್ಜಿಗೆ ಹೇಳಬಲ್ಲದು.