ಎಡತುದಿಯಲ್ಲಿ ನಿಂತ ಜೋ ಥಾಮಸ್

ಕೇಳುಗರೇ, ನಮಸ್ಕಾರ.

ಇವತ್ತು ನನಗೆ ತುಂಬಾ ಇಷ್ಟವಾದ ಒಬ್ಬ ಆಟಗಾರನ ಬಗ್ಗೆ ಮಾತಾಡುತ್ತೇನೆ. ಹೆಸರು ಜೋ ಥಾಮಸ್. ಆಟ ಅಮೆರಿಕನ್ ಫುಟ್‌ಬಾಲ್. ಅಂಕ ಗಳಿಸುವುದು ಅವರ ಕೆಲಸವಲ್ಲ. ಅವರು ಆಫೆನ್ಸಿವ್ ಲೈನ್‌ಮನ್.

ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನನ್ನು ಕೆಡವಲು ಎದುರಾಳಿಗಳು ನುಗ್ಗಿ ಬರುತ್ತಾರೆ. ಅವನ ಮುಂದೆ ಐದು ಜನ ಗೋಡೆಯ ಹಾಗೆ ನಿಲ್ಲುತ್ತಾರೆ. ಥಾಮಸ್ ಜಾಗ ಎಡತುದಿ. ಬಲಗೈಯಲ್ಲಿ ಎಸೆಯುವವನಿಗೆ ಎಡಗಡೆ ಬೆನ್ನ ಹಿಂದೆ ಬೀಳುತ್ತದೆ, ಅಲ್ವಾ? ಅಲ್ಲಿಂದ ಬರುವವನು ಅವನ ಕಣ್ಣಿಗೆ ಬೀಳುವುದಿಲ್ಲ. ಅವನ ಬೆನ್ನು ಕಾಯುವವರು ಥಾಮಸ್.

ಆಗ ಅವರ ಕಾಲನ್ನೇ ನೋಡಬೇಕು. ಆಟ ಶುರುವಾದ ಕೂಡಲೇ ಎಡಗಾಲು ಹಿಂದಕ್ಕೆ. ಬಲಗಾಲು ನೆಲ ಸವರಿಕೊಂಡು ಅದರ ಹಿಂದೆಯೇ. ಮಂಡಿ ಬಗ್ಗಿರುತ್ತದೆ, ಬೆನ್ನು ನೆಟ್ಟಗೆ, ಎರಡೂ ಅಂಗೈ ಎದೆಯ ಮುಂದೆ. ಸುಮಾರು 140 ಕೆ.ಜಿ. ತೂಕದ ಮನುಷ್ಯ ಹೀಗೆ ಹಿಂದೆ ಹಿಂದೆ ಸರಿಯುತ್ತಲೇ ಓಡಿ ಬರುವವನನ್ನು ತಡೆಯುತ್ತಾರೆ. ಎರಡು ಮೂರು ಸೆಕೆಂಡು ಅಷ್ಟೇ. ಮತ್ತೆ ಮೊದಲಿಂದ.

2007ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಅವರನ್ನು ಆರಿಸಿಕೊಂಡಿತು. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವುದಕ್ಕೆ ಅಲ್ಲಿ ಡ್ರಾಫ್ಟ್ ಎನ್ನುತ್ತಾರೆ. ಇಡೀ ಡ್ರಾಫ್ಟ್‌ನಲ್ಲಿ ಮೂರನೆಯ ಹೆಸರು! ಆ ಹೊತ್ತಿಗೆ ಅವರು ಡ್ರಾಫ್ಟ್ ನಡೆಯುತ್ತಿದ್ದ ನ್ಯೂಯಾರ್ಕ್‌ನ ವೇದಿಕೆಯಲ್ಲಿರಲಿಲ್ಲ. ಅಪ್ಪನ ಜೊತೆ ಮಿಷಿಗನ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದೇ ಇದನ್ನು ಓದಿದಾಗ.

ಮುಂದೆ ತಂಡ ಸೋತದ್ದೇ ಜಾಸ್ತಿ. 11 ವರ್ಷದಲ್ಲಿ ಅವರು ಒಂದೇ ಒಂದು ಪ್ಲೇಆಫ್ ಪಂದ್ಯ ಆಡಲಿಲ್ಲ. 2016ರಲ್ಲಿ 16 ಪಂದ್ಯಕ್ಕೆ ಗೆಲುವು ಒಂದೇ. ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್‌ಗಳು ಒಬ್ಬರಾದ ಮೇಲೆ ಒಬ್ಬರು ಬದಲಾದರು. ಥಾಮಸ್ ಮಾತ್ರ ಎಡತುದಿ ಬಿಟ್ಟು ಕದಲಲಿಲ್ಲ. ಪಂದ್ಯ ಕೈಬಿಟ್ಟು ಹೋಗಿದೆ ಎಂದು ಗೊತ್ತಾದ ಮೇಲೂ ಸುಮ್ನೆ ಬೆಂಚಿಗೆ ಹೋಗಿ ಕೂರಲಿಲ್ಲ. ಆಟದ ಒಂದೊಂದು ಸುತ್ತಿಗೆ ಅಲ್ಲಿ ಸ್ನ್ಯಾಪ್ ಎನ್ನುತ್ತಾರೆ. ಮೊದಲ ಪಂದ್ಯದಿಂದ ಒಂದು ಸ್ನ್ಯಾಪ್ ಕೂಡ ಬಿಡದೆ ಆಡಿದರು.

2017ರ ಅಕ್ಟೋಬರ್ 22. ಟೆನ್ನೆಸ್ಸಿ ಟೈಟನ್ಸ್ ವಿರುದ್ಧದ ಪಂದ್ಯ. ಎಡತೋಳಿನ ಹಿಂಭಾಗದ ಸ್ನಾಯು ಹರಿಯಿತು. ತೋಳು ಹಿಡಿದುಕೊಂಡು ಹೊರಗೆ ನಡೆದರು. ಮರುವರ್ಷ ಮಾರ್ಚ್‌ನಲ್ಲಿ ನಿವೃತ್ತಿ.

2023ರಲ್ಲಿ, ಅರ್ಹತೆ ಸಿಕ್ಕ ಮೊದಲ ವರ್ಷವೇ, ಅವರು ಆಟದ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಸೇರಿದರು. ಅದಕ್ಕೂ ಮುಂಚೆ, 2018ರಲ್ಲೇ, ಕ್ಲೀವ್‌ಲ್ಯಾಂಡ್‌ನ ಸ್ಟೇಡಿಯಂನಲ್ಲಿ ಅವರ ಗೌರವಕ್ಕೆ ಒಂದು ಸಂಖ್ಯೆ ಬರೆಸಿದ್ದರು. ಅದು ಬೆನ್ನ ಮೇಲಿನ 73 ಅಲ್ಲ, 10,363. ಅವರು ಒಂದೂ ತಪ್ಪಿಸದೆ ಆಡಿದ ಸ್ನ್ಯಾಪ್‌ಗಳು ಅಷ್ಟು.