ರಾಣಾ ಕುಂಭನ ಶತ್ರುಗಳು ಕೋಟೆ ಒಳಗೇ ಇದ್ರು

ಎಲ್ರಿಗೂ ನಮಸ್ಕಾರ. ಅಡುಗೆಮನೇಲಿ ರೇಡಿಯೋ ಹಾಕ್ಕೊಂಡು ತರಕಾರಿ ಹೆಚ್ತಾ ಇರೋರಿಗೆ ಇನ್ನೂ ದೊಡ್ಡ ನಮಸ್ಕಾರ, ಯಾಕಂದ್ರೆ ಇವತ್ತಿನದು ಪಕ್ಕಾ ಮನೆಜಗಳದ ಕಥೆ.

ರಾಜಸ್ಥಾನದ ಮೇವಾಡ ರಾಜ್ಯದ ರಾಜ ರಾಣಾ ಕುಂಭ ಅಂದ ತಕ್ಷಣ ಎಲ್ರೂ ಅವನ ರಾಜಧಾನಿ ಚಿತ್ತೋಡದ ವಿಜಯಸ್ತಂಭದ ಫೋಟೋ ತೋರಿಸ್ತಾರೆ, ಒಂಬತ್ತು ಅಂತಸ್ತು, ಮಾಳವದ ಸುಲ್ತಾನನ್ನ ಸೋಲಿಸಿದ, ಮುಗೀತು. ಅಲ್ಲ ಸ್ವಾಮಿ, ಮುಗೀಲಿಲ್ಲ. ಕುಂಭನಿಗೆ ನಿಜವಾದ ಕಾಟ ಕೊಟ್ಟವರು ಹೊರಗಿನವರಲ್ಲ, ಮನೆಯವರು. ಇದೊಂದನ್ನ ನೆನಪಿಟ್ಕೊಳ್ಳಿ.

ಶುರುವೇ ಹಾಗೆ. ಕುಂಭನ ಅಪ್ಪ ಮೋಕಲ್‌ನ 1433ರಲ್ಲಿ ಕೊಂದಿದ್ದು ಚಾಚಾ, ಮೇರಾ ಅಂತ ಅವನದೇ ವಂಶದವರು. ಹುಡುಗ ಕುಂಭ ಪಟ್ಟಕ್ಕೆ ಬಂದ. ಕಾಪಾಡೋಕೆ ಪಕ್ಕದ ಮಾರ್ವಾಡ ರಾಜ್ಯದಿಂದ ಓಡಿಬಂದೋನು ಅಲ್ಲಿನ ರಾಠೋಡ್ ವಂಶದ ರಣಮಲ್, ಕುಂಭನ ಅಜ್ಜಿ ಹಂಸಾಬಾಯಿಯ ಸೋದರ. ಬಂದ, ಕೊಲೆಗಾರರನ್ನ ಮುಗಿಸಿದ, ಆದ್ರೆ ವಾಪಸ್ ಹೋಗ್ಲಿಲ್ಲ! ಚಿತ್ತೋಡದಲ್ಲೇ ಕೂತ, ಮುಖ್ಯ ಜಾಗಗಳಿಗೆಲ್ಲ ರಾಠೋಡರನ್ನೇ ತುಂಬಿದ. ಆಗ ಮೇವಾಡದವರಿಗೆ ನೆನಪಾದೋನು ಚೂಂಡಾ, ಮೋಕಲ್‌ನ ಅಣ್ಣ. ಇವನ ಅಪ್ಪ ಲಾಖಾ ಮುದುಕನಾದಮೇಲೆ ಹಂಸಾಬಾಯಿನ ಮದ್ವೆ ಆಗಿದ್ದ, ಅವಳಿಗೆ ಹುಟ್ಟೋ ಮಗನಿಗೇ ಪಟ್ಟ ಅಂತ ಚೂಂಡಾ ಸಿಂಹಾಸನ ಬಿಟ್ಕೊಟ್ಟಿದ್ದ. ಸಾಕ್ಷಾತ್ ಭೀಷ್ಮ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಸೌಟು ಕೆಳಗಿಟ್ಟು ಕೇಳಿ. 1438. ರಾಜಸ್ಥಾನದಲ್ಲಿ ಹೇಳೋ ಪ್ರಕಾರ, ಭಾರಮಲಿ ಅನ್ನೋ ದಾಸಿ ರಣಮಲ್‌ಗೆ ಚೆನ್ನಾಗಿ ಕುಡಿಸಿ, ಅವನು ಮೈಮರೆತು ಮಲಗಿದಾಗ ಅವನ ಪೇಟದಿಂದಲೇ ಅವನನ್ನ ಮಂಚಕ್ಕೆ ಬಿಗಿದುಬಿಟ್ಳು. ಕೊಲ್ಲೋಕೆ ಮೇವಾಡದ ಜನ ನುಗ್ಗಿದ್ರು. ಈ ಮನುಷ್ಯ ಕಟ್ಟು ಬಿಚ್ಚೋಕೂ ಕಾಯ್ಲಿಲ್ಲ, ಮಂಚ ಬೆನ್ನ ಮೇಲಿರೋ ಹಾಗೇ ಎದ್ದು ನಿಂತ! ಕೈಗೆ ಸಿಕ್ಕಿದ್ದರಲ್ಲಿ ಹೊಡೀತಾ ಒಂದಿಷ್ಟು ಜನರನ್ನ ಉರುಳಿಸಿಯೇ ಸತ್ತ. ಅವನ ಮಗ ಜೋಧಾ ಕೋಟೆ ಕೆಳಗಡೆ ಬೀಡುಬಿಟ್ಟಿದ್ದ. ಮೇಲಿಂದ ಡೋಲು ಬಾರಿಸೋನೊಬ್ಬ "ಜೋಧಾ, ಓಡೋಕಾದ್ರೆ ಓಡು, ನಿಮ್ಮಪ್ಪ ಹೋದ" ಅಂತ ಹಾಡಲ್ಲೇ ಸುದ್ದಿ ಮುಟ್ಟಿಸಿದನಂತೆ. ಜೋಧಾ ಕುದುರೆ ಹತ್ತಿದ, ಚೂಂಡಾ ಬೆನ್ನುಹತ್ತಿದ, ರಾಠೋಡರ ರಾಜಧಾನಿ ಮಂಡೋರ್ ಕೂಡ ಮೇವಾಡದ ಪಾಲಾಯ್ತು. ಪಾಪ ಹಂಸಾಬಾಯಿ, ಒಂದು ಕಡೆ ಮೊಮ್ಮಗ ಕುಂಭ, ಇನ್ನೊಂದು ಕಡೆ ಅಣ್ತಮ್ಮನ ಮಗ ಜೋಧಾ, ಯಾರಿಗೆ ಅಂತ ಅಳೋದು? ಜೋಧಾ ವರ್ಷಗಟ್ಟಲೆ ಮರಳುಗಾಡಲ್ಲಿ ಅಲೆದು ಮಂಡೋರ್ ವಾಪಸ್ ಗೆದ್ದ, 1459ರಲ್ಲಿ ಹೊಸ ಕೋಟೆಗೆ ಅಡಿಪಾಯ ಹಾಕಿದ. ನೀವು ಟೂರ್ ಹೋಗೋ ಜೋಧ್‌ಪುರ ಅದೇ. ನಂಟರ ಜಗಳಕ್ಕೆ ಹುಟ್ಟಿದ ಊರು ರೀ ಅದು!

ಅಯ್ಯೋ, ಗಾಜಿನಾಚೆಯಿಂದ ಗಡಿಯಾರ ತೋರಿಸ್ತಿದ್ದಾರೆ. ಸರಿ ಸರಿ, ಬೇಗ ಹೇಳ್ತೀನಿ. ಸುಲ್ತಾನರ ಜೊತೆ ಯುದ್ಧ ಆಯ್ತು, ಇಲ್ಲ ಅಂತ ನಾನೆಲ್ಲಿ ಹೇಳ್ದೆ? 1437ರಲ್ಲಿ ಸಾರಂಗಪುರದ ಹತ್ರ ಮಾಳವದ ಮಹಮೂದ್ ಖಿಲ್ಜಿ ಸೋತ. 1456ರಲ್ಲಿ ಮಾಳವ, ಗುಜರಾತ್ ಎರಡೂ ಸೇರಿ ಮೇವಾಡ ಹಂಚ್ಕೊಳ್ಳೋಣ ಅಂತ ಚಾಂಪಾನೇರ್‌ನಲ್ಲಿ ಒಪ್ಪಂದ ಮಾಡ್ಕೊಂಡ್ರೂ ಕುಂಭನನ್ನ ಅಲ್ಲಾಡಿಸೋಕೆ ಆಗ್ಲಿಲ್ಲ. ಇಷ್ಟೆಲ್ಲದರ ಮಧ್ಯೆ ಸಂಗೀತರಾಜ ಅಂತ ದೊಡ್ಡ ಸಂಗೀತ ಗ್ರಂಥ, ಗೀತಗೋವಿಂದಕ್ಕೆ ವ್ಯಾಖ್ಯಾನ, ಕುಂಭಲ್‌ಗಢದಲ್ಲಿ 36 ಕಿಲೋಮೀಟರ್ ಗೋಡೆ. ಗೀತಗೋವಿಂದದ ಬಗ್ಗೆ ಹೇಳೋಕೆ ಹೊರಟ್ರೆ ನನ್ನನ್ನ ಇಲ್ಲಿಂದ ಎತ್ಕೊಂಡೇ ಹೋಗ್ಬೇಕು, ಬಿಡಿ.

ಆ ಗೋಡೆ ದಾಟಿ ಸುಲ್ತಾನರು ಬಂದು ಕುಂಭನನ್ನ ಕೊಲ್ಲಲಿಲ್ಲ. 1468ರಲ್ಲಿ ಕೊಂದಿದ್ದು ಸ್ವಂತ ಮಗ ಊದಾ. ಐದು ವರ್ಷ ಆಳಿದ, ಆಮೇಲೆ ಅವನನ್ನ ಓಡಿಸಿದ್ದು ಯಾರು ಅಂತೀರಿ? ಅವನ ತಮ್ಮ ರಾಯಮಲ್. ನಮಸ್ಕಾರ.